ದುಂಡು ಮೇಜಿನ ಸುತ್ತ: ಮನೆಮಂದಿ, ಸ್ನೇಹಿತರ ಜೊತೆ ಚೈನೀಸ್ ಹೋಟೆಲಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್, ಮಿಲ್ಪಿಟಾಸ್, ಕೂಪರ್ಟಿನೋ, ಸ್ಯಾನ್ ಹೋಸೆ ಕಡೆ ಇರುವ ಕನ್ನಡದ ಮನೆಗಳಿಗಾಗಿ ಇದನ್ನು ಬರೆದಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮಕ್ಕಳಿಗೆ ನೂಡಲ್ಸ್ ಬೇಕು. ಭಾವನಿಗೆ ಮೀನು ಬೇಕು. ಅತ್ತೆಗೆ ಮೊಟ್ಟೆ ವಾಸನೆಯೂ ಆಗದು. ಜೊತೆಗೆ ಆಫೀಸಿನ ಚೀನೀ ಸ್ನೇಹಿತರ ಮನೆಯವರೂ ಬರುತ್ತಾರೆ. ಇಂಥ ಮೇಜುಗಳನ್ನು ನಾನು 15 ವರ್ಷದಿಂದ ಕೂಡಿಸುತ್ತಾ ಬಂದಿದ್ದೇನೆ. ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನನಗೆ ಬೇಕಾಗಿರುವುದು ಒಂದೇ: ಯಾರೂ ಬರೀ ಬಿಳಿ ಅನ್ನ ತಿಂದು ಮೇಜಿನಿಂದ ಏಳಬಾರದು.

ಬೆಂಗಳೂರಲ್ಲಿ ತಿನ್ನೋ ಚೈನೀಸ್ ಇಲ್ಲಿ ಸಿಗುತ್ತಾ? ಗೋಬಿ ಮಂಚೂರಿ ಇರುತ್ತಾ?

ಇಲ್ಲ. ಇದನ್ನು ಮನೆಯಲ್ಲೇ, ಕಾರು ಹತ್ತುವ ಮೊದಲೇ ಎಲ್ಲರಿಗೂ ಹೇಳಿಬಿಡಿ. ಮಂಚೂರಿ ಹುಟ್ಟಿದ್ದು ನಮ್ಮ ದೇಶದಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎಂದು ಹೇಳುತ್ತಾರೆ. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಒಗ್ಗರಣೆಗೆ ಗರಂ ಮಸಾಲೆ ಹಾಕುವ ಬದಲು ಸೋಯಾ ಸಾಸ್ ಹಾಕಿದರಂತೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಅದು ನಮ್ಮೂರಿನ ತಳ್ಳುಗಾಡಿ ಹತ್ತಿತು. ಆಮೇಲೆ ಅದರ ಕೆಂಪು ಎಷ್ಟು ಹೆಚ್ಚಾಯಿತು ಎಂದರೆ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಬೇಕಾಯಿತು.

ಇಲ್ಲಿ ಮಂಚೂರಿ, ಹಕ್ಕಾ ನೂಡಲ್ಸ್, ಚಿಲ್ಲಿ ಪನೀರ್ ಬೇಕಿದ್ದರೆ ಇಂಡೋ ಚೈನೀಸ್ ಎಂದು ಬೋರ್ಡು ಹಾಕಿರುವ ಹೋಟೆಲಿಗೆ ಹೋಗಬೇಕು. ಸಾಕಷ್ಟಿವೆ, ಚೆನ್ನಾಗಿಯೂ ಇವೆ. ಆದರೆ ಅದು ಬೇರೆ ಊಟ. ಆ ರುಚಿ ಹುಡುಕಿಕೊಂಡು ಇಲ್ಲಿನ ಚೀನೀಯರ ಹೋಟೆಲಿಗೆ ಹೋದರೆ ಎಲ್ಲವೂ ಸಪ್ಪೆ ಅನ್ನಿಸುತ್ತದೆ. ಅದನ್ನು ಬಿಟ್ಟು ಹೋದರೆ ಹೊಸ ರುಚಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಒಳ್ಳೆ ಚೈನೀಸ್ ಬೇಕಿದ್ದರೆ ಸ್ಯಾನ್ ಫ್ರಾನ್ಸಿಸ್ಕೋ ಚೈನಾಟೌನಿಗೇ ಹೋಗಬೇಕಾ?

ಬೇಡ. ಚೈನಾಟೌನ್ ನೋಡಲು ಒಂದು ದಿನ ಹೋಗಿ. ಊಟಕ್ಕೆ ನಮ್ಮ ಬಡಾವಣೆಗಳೇ ಸಾಕು.

1882ರ ಕಾನೂನಿನಿಂದ ಅಮೆರಿಕ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಅದು ರದ್ದಾದದ್ದು 1943ರಲ್ಲಿ. ಆ ಕಾಲದಲ್ಲಿ ಇಲ್ಲಿದ್ದವರು ಪೇಟೆಯೊಳಗಿನ ಚೈನಾಟೌನುಗಳಲ್ಲೇ ಒತ್ತೊತ್ತಾಗಿ ಬದುಕಿದರು. 1965ರಲ್ಲಿ ವಲಸೆ ಕಾನೂನು ಬದಲಾಯಿತು. ಅದೇ ಕಾನೂನಿನಿಂದ ನಮ್ಮವರೂ ಬಂದರು, ತೈವಾನ್, ಹಾಂಗ್‌ಕಾಂಗ್‌ನಿಂದ ಓದಿದವರೂ ಬಂದರು. ಇವರು ನೇರವಾಗಿ ಒಳ್ಳೆ ಶಾಲೆ, ಅಂಗಳ, ಗ್ಯಾರೇಜು ಇರುವ ಬಡಾವಣೆಗಳಿಗೇ ಹೋದರು. ಲಾಸ್ ಏಂಜಲೀಸ್ ಪಕ್ಕದ ಮಾಂಟೆರೇ ಪಾರ್ಕ್ ಇದರಲ್ಲಿ ಮೊದಲನೆಯದು. 1990ರ ಜನಗಣತಿಯ ಹೊತ್ತಿಗೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಏಷ್ಯಾ ಮೂಲದವರು. ಈಗ ಫ್ರೀಮಾಂಟ್, ಮಿಲ್ಪಿಟಾಸ್, ಕೂಪರ್ಟಿನೋ ಮೂರರಲ್ಲೂ ಹಾಗೇ ಇದೆ, ಅದರಲ್ಲಿ ನಾವೂ ಸೇರಿದ್ದೇವೆ.

ಅಡುಗೆಯವರು ತಮ್ಮ ಗಿರಾಕಿಗಳ ಹಿಂದೆಯೇ ಬಂದರು. ಹಾಗಾಗಿ ಹೊರಗಿನಿಂದ ಏನೂ ವಿಶೇಷ ಕಾಣುವುದಿಲ್ಲ. ದೊಡ್ಡ ಪಾರ್ಕಿಂಗ್, ಒಂದು ಕಡೆ 99 ರ‍್ಯಾಂಚ್ ದಿನಸಿ ಅಂಗಡಿ, ಸುತ್ತ ಬೇಕರಿ, ಬೋಬಾ ಚಹಾದ ಅಂಗಡಿ, ಹಲ್ಲಿನ ಡಾಕ್ಟರು, ನಡುವೆ ಹತ್ತಾರು ಹೋಟೆಲು. ಮಿಲ್ಪಿಟಾಸ್ ಸ್ಕ್ವೇರ್, ಕೂಪರ್ಟಿನೋ ವಿಲೇಜ್ ಎರಡೂ ಹೀಗೇ ಇವೆ. ಸಾದಾ ಬೋರ್ಡು ನೋಡಿ ವಾಪಸ್ ಬರಬೇಡಿ. ಶನಿವಾರ ಸಂಜೆ ಯಾವ ಬಾಗಿಲ ಮುಂದೆ ಅಜ್ಜ ಅಜ್ಜಿ, ಮೊಮ್ಮಕ್ಕಳು ನಿಂತಿದ್ದಾರೋ ಅಲ್ಲಿಗೆ ಹೋಗಿ.

ಯಾವ ತರದ ಹೋಟೆಲ್ ಆರಿಸಿಕೊಳ್ಳಬೇಕು?

‘ಚೈನೀಸ್’ ಅನ್ನುವುದು ‘ಇಂಡಿಯನ್’ ಅಂದ ಹಾಗೆ. ಮಂಗಳೂರು ಅಡುಗೆಗೂ ಧಾರವಾಡದ ಊಟಕ್ಕೂ ಎಷ್ಟು ದೂರವೋ ಅಷ್ಟೇ ದೂರ ಅಲ್ಲೂ ಇದೆ.

ವಯಸ್ಸಾದವರು ಜಾಸ್ತಿ ಇದ್ದರೆ ಕ್ಯಾಂಟನೀಸ್, ಅಂದರೆ ದಕ್ಷಿಣ ಚೀನಾದವರ ಹೋಟೆಲ್. ಹದವಾದ ಅಡುಗೆ, ಹಬೆಯಲ್ಲಿ ಬೆಂದದ್ದು ಹೆಚ್ಚು, ಖಾರ ಇಲ್ಲ. ದೊಡ್ಡ ದುಂಡು ಮೇಜುಗಳೂ ಅಲ್ಲೇ ಇರುತ್ತವೆ. ‘ಏನೂ ಖಾರ ಇಲ್ಲ’ ಎಂದು ಗೊಣಗುವ ಹುಡುಗರ ಗುಂಪಾದರೆ ಸಿಚುವಾನ್, ಅಂದರೆ ನೈರುತ್ಯ ಚೀನಾದ ಖಾರದ ಅಡುಗೆ. ಉತ್ತರ ಚೀನಾದವರ ಹೋಟೆಲಿನಲ್ಲಿ ಗೋಧಿಯದ್ದೇ ಕಾರುಬಾರು: ಕಡುಬಿನಂಥ ಡಂಪ್ಲಿಂಗ್, ಕೈಯಲ್ಲಿ ಎಳೆದ ನೂಡಲ್ಸ್, ಈರುಳ್ಳಿ ಸೊಪ್ಪು ಹಾಕಿ ಪದರ ಪದರವಾಗಿ ಬೇಯಿಸಿದ ರೊಟ್ಟಿ. ನಮ್ಮ ಮಕ್ಕಳು ಆ ರೊಟ್ಟಿಯನ್ನು ಪರೋಟ ಎಂದೇ ತಿನ್ನುತ್ತಾರೆ. ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್ ಪಾಟ್ ಹೋಟೆಲುಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಪುಟ್ಟ ಪಾತ್ರೆ ಕೊಡುವಂಥವು ಇವೆ. ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಕೂಡಿ ಹೋಗುವವರಿಗೆ ಅದು ತುಂಬಾ ಅನುಕೂಲ. ಆದರೆ ಸಾರು ಯಾವುದರದ್ದು ಎಂದು ಕೇಳಲೇಬೇಕು. ಅಣಬೆ ಅಥವಾ ಟೊಮೆಟೊ ಸಾರು ಎಂದು ಬರೆದಿದ್ದರೂ ಅಡಿಯಲ್ಲಿ ಮೂಳೆ ಸಾರು ಇರಬಹುದು.

ಕೊನೆಯದು ಬೌದ್ಧ ಸಸ್ಯಾಹಾರಿ ಹೋಟೆಲ್. ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ನಾವು ಸಸ್ಯಾಹಾರಿಗಳು. ಮೆನುವಿನಲ್ಲಿ ತರಕಾರಿ ಪುಟ ಇದೆಯಲ್ಲ, ಅದರಲ್ಲಿ ಯಾವುದು ಬೇಕಾದರೂ ಹೇಳಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲರೂ ಎಡವುವುದು ಇಲ್ಲೇ. ಆ ಪುಟದ ಅರ್ಥ ‘ಮುಖ್ಯವಾಗಿ ತರಕಾರಿ ಇರುವ ಅಡುಗೆ’ ಎಂದಷ್ಟೇ. ಮಾಂಸ ಇಲ್ಲ ಎಂದಲ್ಲ.

ಬೀನ್ಸ್ ಹುರಿದದ್ದು ನೋಡಲು ನಮ್ಮ ಪಲ್ಯದ ಹಾಗೇ ಇರುತ್ತದೆ, ಅದರಲ್ಲಿ ಸಣ್ಣಗೆ ಕೊಚ್ಚಿದ ಹಂದಿಮಾಂಸ ಇರುವುದೇ ರೂಢಿ. ಬದನೆಕಾಯಿಯಲ್ಲೂ ಹಾಗೇ. ಮಾಪೋ ತೋಫುವಿನಲ್ಲಿ (ತೋಫು ಎಂದರೆ ಸೋಯಾ ಹಾಲಿನ ಪನೀರು) ಹಂದಿ ಅಥವಾ ದನದ ಮಾಂಸದ ಪುಡಿ. ಹಾಟ್ ಅಂಡ್ ಸೋರ್ ಸೂಪಿನಲ್ಲಿ ಹಂದಿಮಾಂಸದ ಎಳೆಗಳು, ಮೊಟ್ಟೆ. ಬಟಾಣಿ ಚಿಗುರನ್ನು ‘ಸುಪೀರಿಯರ್ ಬ್ರಾತ್’ನಲ್ಲಿ ಕೊಡುತ್ತೇವೆ ಎಂದರೆ ಆ ಸಾರು ಕೋಳಿ, ಹ್ಯಾಮ್ ಹಾಕಿ ಕುದಿಸಿದ್ದು. ಎಕ್ಸ್‌ಓ ಸಾಸ್ ಎಂದರೆ ಒಣ ಸಿಗಡಿ, ಒಣ ಚಿಪ್ಪುಮಾಂಸ. ಹಸಿರು ಸೊಪ್ಪಿನ ಮೇಲೆ ಕಂದು ಬಣ್ಣದ ಮಿರಮಿರ ಸಾಸ್ ಇದ್ದರೆ ಬಹುಪಾಲು ಅದು ಆಯ್ಸ್ಟರ್ ಸಾಸ್, ಸಮುದ್ರದ ಸಿಂಪಿಯಿಂದ ಮಾಡಿದ್ದು. ಫ್ರೈಡ್ ರೈಸ್ ಎಂದರೆ ಮೊಟ್ಟೆ ಬಂದೇ ಬರುತ್ತದೆ.

ಅಮ್ಮ ಮೊದಲ ಸಲ ಬಂದಾಗ ನಾನು ಇದನ್ನೆಲ್ಲ ತಿಳಿದಿರಲಿಲ್ಲ. ಒಂದು ಹೋಟೆಲಿನಲ್ಲಿ ತರಕಾರಿ ಸೂಪ್ ಎಂದು ಹೇಳಿ ತರಿಸಿದೆ. ಎರಡು ಚಮಚ ಕುಡಿದ ಮೇಲೆ ಬಡಿಸುವವರು ಬಂದು, ಕೋಳಿ ಸಾರಿನಲ್ಲಿ ಮಾಡಿದ್ದು, ಪರವಾಗಿಲ್ಲವಾ ಎಂದರು. ಅಮ್ಮ ಏನೂ ಅನ್ನಲಿಲ್ಲ. ಚಮಚವನ್ನು ಬಟ್ಟಲಿನ ಪಕ್ಕ ಇಟ್ಟರು. ಆಮೇಲೆ ಅನ್ನವನ್ನು ಉಪ್ಪು ಹಚ್ಚಿಕೊಂಡು ತಿಂದರು. ಆ ಬಟ್ಟಲು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾಗಿ ಈಗ ನಾನು ಮಾಡುವುದು ಇಷ್ಟು. ಕೂತ ಕೂಡಲೇ, ಮೆನು ತೆರೆಯುವ ಮೊದಲೇ ಹೇಳುತ್ತೇನೆ. ಮ್ಯಾಂಡರಿನ್‌ನಲ್ಲಿ ‘ವೋ ಛಿ ಸೂ’, ಅಂದರೆ ನಾನು ಸಸ್ಯಾಹಾರಿ. ಕ್ಯಾಂಟನೀಸ್‌ನಲ್ಲಿ ‘ಸಿಕ್ ಜಾಯ್’. ‘ಮಾಂಸ ಬೇಡ’ ಎಂದು ಮಾತ್ರ ಹೇಳಿದರೆ ಸಾಲದು. ತುಂಡು ತೆಗೆದು ಸಾರು ಹಾಗೇ ಬಿಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ‘ಸೂ’ ಎಂದ ತಕ್ಷಣ ಅವರಿಗೆ ಪೂರ್ತಿ ಅರ್ಥವಾಗುತ್ತದೆ, ಯಾಕೆಂದರೆ ಅವರ ಮನೆಗಳಲ್ಲೂ ಅಂಥ ಅಜ್ಜಿಯರು ಇದ್ದಾರೆ. ಅವರ ತಿಂಗಳ 1ನೇ ಮತ್ತು 15ನೇ ದಿನ, ಅಂದರೆ ಹೆಚ್ಚು ಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಮುಟ್ಟದ ಬೌದ್ಧರು ಬಹಳ. ಇದರ ಮೇಲೆ ಮೂರು ಮಾತು ಸೇರಿಸಿ: ಕೋಳಿ ಸಾರು ಬೇಡ, ಆಯ್ಸ್ಟರ್ ಸಾಸ್ ಬೇಡ, ಮೀನಿನ ಸಾಸ್ ಬೇಡ. ಮೊಟ್ಟೆ ಆಗುತ್ತೋ ಇಲ್ಲವೋ ಅದನ್ನು ಬೇರೆಯಾಗಿ ಹೇಳಿ. ಆಯ್ಸ್ಟರ್ ಸಾಸಿಗೆ ಬದಲು ಅಣಬೆಯಿಂದ ಮಾಡಿದ ಸಾಸ್ ಬಹಳಷ್ಟು ಅಡುಗೆಮನೆಗಳಲ್ಲಿ ಇರುತ್ತದೆ.

ನಾನು ಧೈರ್ಯವಾಗಿ ತರಿಸುವವು ಕೆಲವು ಇವೆ. ಆಲೂಗಡ್ಡೆ, ಬದನೆಕಾಯಿ, ದೊಣ್ಣೆ ಮೆಣಸಿನಕಾಯಿ ಮೂರನ್ನೂ ಹುರಿದು ಮಾಡುವ ‘ದೀ ಸಾನ್ ಶಿಯನ್’. ನಮ್ಮವರು ಮೊದಲ ತುತ್ತಿಗೇ ಒಪ್ಪುವ ಅಡುಗೆ ಇದು. ಎಳೆ ಎಳೆಯಾಗಿ ಹೆಚ್ಚಿ ಕರುಂ ಕುರುಂ ಉಳಿಯುವಂತೆ ಬಾಡಿಸಿದ ಆಲೂಗಡ್ಡೆ. ಜಜ್ಜಿದ ಸೌತೆಕಾಯಿ, ಬೆಳ್ಳುಳ್ಳಿ, ಎಳ್ಳೆಣ್ಣೆ. ಕೈಯಲ್ಲಿ ಹರಿದು ಒಣಮೆಣಸಿನಕಾಯಿ ಜೊತೆ ಹುರಿದ ಎಲೆಕೋಸು, ಇದಕ್ಕೂ ‘ಹಂದಿಮಾಂಸ ಬೇಡ’ ಎಂದು ಹೇಳಿಡಿ. ಬಟಾಣಿ ಚಿಗುರು ಬರೀ ಬೆಳ್ಳುಳ್ಳಿ ಜೊತೆ. ತೋಫು ಹಾಳೆಗಳು.

ಮಾಂಸಕ್ಕೂ ತರಕಾರಿಗೂ ಬಾಣಲೆ ಒಂದೇ ಆಗಿರುತ್ತದೆ, ಆ ವಿಷಯ ಮುಚ್ಚಿಡಬಾರದು. ಒಲೆಯ ಮೇಲೇ ನಲ್ಲಿ ಇರುತ್ತದೆ, ಒಂದು ಅಡುಗೆ ಆದ ಕೂಡಲೇ ಕಾದ ಬಾಣಲೆಗೆ ನೀರು ಬಿಟ್ಟು ಬಿದಿರಿನ ಕುಂಚದಿಂದ ಉಜ್ಜಿ ಇನ್ನೊಂದಕ್ಕೆ ಇಡುತ್ತಾರೆ. ಅಷ್ಟು ಸಾಕು ಎನ್ನುವವರು ಹೋಗಬಹುದು. ಸಾಲದು ಎನ್ನುವವರನ್ನು ಒತ್ತಾಯ ಮಾಡಬೇಡಿ.

ಈರುಳ್ಳಿ, ಬೆಳ್ಳುಳ್ಳಿಯೂ ತಿನ್ನದವರು ಏನು ಮಾಡಬೇಕು?

ಬೌದ್ಧ ಸಸ್ಯಾಹಾರಿ ಹೋಟೆಲಿಗೆ ಹೋಗಬೇಕು. ಸ್ಯಾನ್ ಹೋಸೆ ಕಡೆ ತೈವಾನಿನವರು, ವಿಯೆಟ್ನಾಮಿನವರು ನಡೆಸುವಂಥವು ಇವೆ. ಚೀನೀ ಬೌದ್ಧರ ನಿಯಮದಲ್ಲಿ ‘ಐದು ಘಾಟು’ಗಳು ನಿಷಿದ್ಧ. ಈರುಳ್ಳಿ, ಬೆಳ್ಳುಳ್ಳಿ ಜಾತಿಯ ನಾಲ್ಕು, ಐದನೆಯದು ಇಂಗು! ಅವರ ಹಳೆಯ ಗ್ರಂಥಗಳಲ್ಲಿ ಅದನ್ನು ‘ಶಿಂಗ್‌ಛು’ ಎನ್ನುತ್ತಾರೆ, ನಮ್ಮ ‘ಹಿಂಗು’ವೇ ಅಲ್ಲಿಗೆ ಹೋಗಿ ಹಾಗಾಗಿದೆ. ಈರುಳ್ಳಿ ಬಿಟ್ಟವರು ಅದರ ಜಾಗದಲ್ಲಿ ಇಂಗು ಹಾಕುವ ನಮ್ಮ ಮನೆಗಳಿಗೆ ಇದು ಬಹಳ ಸೋಜಿಗ.

ಒಂದು ಎಚ್ಚರಿಕೆ. ಇಲ್ಲಿನ ಮೆನುವಿನಲ್ಲಿ ಚಿಕನ್, ಫಿಶ್, ಡಕ್ ಎಂದೇ ಬರೆದಿರುತ್ತದೆ. ಎಲ್ಲವೂ ಸೋಯಾ, ಗೋಧಿಯ ಅಂಟಿನಿಂದ ಮಾಡಿದ್ದು. ಗೊತ್ತಿಲ್ಲದ ಹಿರಿಯರು ಓದಿ ಗಾಬರಿಯಾಗುತ್ತಾರೆ, ಮೊದಲೇ ಹೇಳಿ. ರೂಪ ನೋಡಿಯೇ ಮನಸ್ಸಿಗೆ ಒಗ್ಗದಿದ್ದರೆ ‘ಲೋ ಹಾನ್ ಜಾಯ್’ ತರಿಸಿ. ಅದು ಅಣಬೆ, ತೋಫು, ಶ್ಯಾವಿಗೆ, ತರಕಾರಿಗಳನ್ನು ಕೂಡಿಸಿ ಬೇಯಿಸುವ, ಚೀನೀ ಹೊಸ ವರ್ಷದ ಮೊದಲ ದಿನ ಅವರ ಬಹಳ ಮನೆಗಳಲ್ಲಿ ಮಾಡುವ ಅಡುಗೆ.

ಎಲ್ಲರೂ ಒಂದೇ ತಟ್ಟೆಯಿಂದ ತೆಗೆದುಕೊಂಡರೆ ಎಂಜಲು ಆಗಲ್ವಾ?

ಈ ಪ್ರಶ್ನೆ ಕೇಳಲು ಯಾರೂ ನಾಚಿಕೊಳ್ಳಬೇಕಿಲ್ಲ. ಚೀನೀಯರೇ ಇದನ್ನು ಕೇಳಿಕೊಂಡಿದ್ದಾರೆ. ಮಲಯಾದಲ್ಲಿ ಹುಟ್ಟಿದ ಡಾಕ್ಟರ್ ವು ಲಿಯನ್‌ತೆ 1910–11ರಲ್ಲಿ ಮಂಚೂರಿಯಾದ ಪ್ಲೇಗನ್ನು ಹತೋಟಿಗೆ ತಂದವರು. ತಮ್ಮ ಚಾಪ್‌ಸ್ಟಿಕ್ಕನ್ನೇ ಎಲ್ಲರೂ ಒಂದೇ ಬಟ್ಟಲಿಗೆ ಅದ್ದುವುದರಿಂದ ರೋಗ ಹರಡುತ್ತದೆ ಎಂದು ಅವರಿಗೆ ಚಿಂತೆ ಇತ್ತು. ಮೇಜಿನ ನಡುವೆ ತಿರುಗುವ ತಟ್ಟೆ ಇಟ್ಟು, ಪ್ರತಿ ಅಡುಗೆಗೂ ಬೇರೆ ಬಡಿಸುವ ಚಮಚ ಇಡಿ ಎಂದು 1915ರ ಸುಮಾರಿಗೆ ಬರೆದರು. ಅಮೆರಿಕದ ಚೈನೀಸ್ ಹೋಟೆಲುಗಳಲ್ಲಿ ತಿರುಗುವ ಮೇಜು ಸಾಮಾನ್ಯವಾದದ್ದು 1950ರ ದಶಕದಿಂದ ಈಚೆಗೆ.

ನನಗೆ ಆ ತಿರುಗುವ ಗಾಜಿನ ಮೇಲೆ ತುಂಬಾ ಪ್ರೀತಿ. ಕೈ ಚಾಚಬೇಕಿಲ್ಲ, ಎದ್ದು ಬಡಿಸಬೇಕಿಲ್ಲ, ಅಡುಗೆಯೇ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಪಂಕ್ತಿಯಲ್ಲಿ ಬಡಿಸುವವರು ನಡೆದು ಬರುವ ಹಾಗೆ. ನಮ್ಮ ಮೇಜಿನಲ್ಲಿ ಎರಡು ಪದ್ಧತಿ ಇದೆ. ಎಲ್ಲ ತಟ್ಟೆಗೂ ಬಡಿಸುವ ಚಮಚ ಕೇಳಿ ಇಡಿಸುತ್ತೇವೆ, ಕೇಳಿದರೆ ಕೊಡುತ್ತಾರೆ. ಸಸ್ಯಾಹಾರದ ತಟ್ಟೆಗಳು ಬಂದಾಗ ಮೊದಲು ಅಮ್ಮ, ಅತ್ತೆ ಬಡಿಸಿಕೊಳ್ಳುತ್ತಾರೆ, ಆಮೇಲೆ ಉಳಿದವರು. ಮಾಂಸದ ತಟ್ಟೆಗಳು ತಿರುಗುವ ಗಾಜಿನ ಮೇಲೆ ಏರುವುದೇ ಇಲ್ಲ, ಅದನ್ನು ತಿನ್ನುವವರ ಮುಂದೆ ಕೆಳಗೇ ಇರುತ್ತವೆ. ಇಷ್ಟು ಮಾಡಿದರೆ ಎಲ್ಲರೂ ನೆಮ್ಮದಿಯಾಗಿ ಕೂರುತ್ತಾರೆ.

ಒಬ್ಬರು ಬಡಿಸಿಕೊಳ್ಳುತ್ತಿರುವಾಗ ಇನ್ನೊಬ್ಬರು ಗಾಜು ತಿರುಗಿಸಬಾರದು. ಮಕ್ಕಳಿಗೆ ಇದನ್ನು ಹೇಳಿಕೊಡಿ.

10 ಜನಕ್ಕೆ ಎಷ್ಟು ಐಟಂ ಹೇಳಬೇಕು?

ಎಂಟು ಅಡುಗೆ, ಒಂದು ಸೂಪ್, ಅನ್ನ. ಸಾಕಾಗದಿದ್ದರೆ ಕೊನೆಗೆ ಒಂದು ನೂಡಲ್ಸ್. ನಮ್ಮವರು ಮಾಡುವ ತಪ್ಪು ಎಂದರೆ ಮೂರು ಫ್ರೈಡ್ ರೈಸ್, ಮೂರು ನೂಡಲ್ಸ್ ಹೇಳಿ ಮುಗಿಸುವುದು. ಅದು ಮದುವೆ ಮನೆಗೆ ಹೋಗಿ ಬರೀ ಚಿತ್ರಾನ್ನ ತಿಂದು ಬಂದ ಹಾಗೆ. ಒಂದು ಸೊಪ್ಪು, ಒಂದು ತೋಫು, ಒಂದು ಗರಿಗರಿ, ಒಂದು ಗೊಜ್ಜಿನಂಥದ್ದು ಎಂದು ಹಂಚಿಕೊಂಡು ಹೇಳಿ. ನಾಲ್ಕು ಜನ ಸಸ್ಯಾಹಾರಿಗಳಿದ್ದರೂ ಎಂಟರಲ್ಲಿ ಐದು ತರಕಾರಿಯವೇ ಇರಲಿ. ಮಾಂಸ ತಿನ್ನುವವರು ಅದನ್ನೂ ತಿನ್ನುತ್ತಾರೆ, ಮೊದಲು ಖಾಲಿಯಾಗುವುದು ಅವೇ.

ಅನ್ನ ತಡವಾಗಿ ಬರಬಹುದು. ದೊಡ್ಡ ಊಟಗಳಲ್ಲಿ ಅವರಿಗೆ ಅನ್ನ ಕೊನೆಗೆ. ನಮಗೆ ಅನ್ನ ಇಲ್ಲದೆ ಪಲ್ಯ ಹೇಗೆ ತಿನ್ನುವುದು? ‘ಅನ್ನ ಮೊದಲೇ ಕೊಡಿ’ ಎಂದು ಹೇಳಿಬಿಡಿ.

ಡಿಮ್ ಸಮ್ ಅಂದರೇನು? ಸಸ್ಯಾಹಾರಿಗಳು ಹೋಗಬಹುದಾ?

ಕ್ಯಾಂಟನೀಸರ ಬೆಳಗಿನ ತಿಂಡಿ ಎನ್ನಿ. ಅವರು ‘ಯಮ್ ಚಾ’ ಎನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. ಶನಿವಾರ, ಭಾನುವಾರ ಹತ್ತರಿಂದ ಎರಡು ಗಂಟೆವರೆಗೆ ಜಾತ್ರೆ. ಬಾಗಿಲಲ್ಲಿ ನಂಬರು ಚೀಟಿ ತೆಗೆದುಕೊಂಡು ಕಾಯಬೇಕು. ಹತ್ತೂವರೆಯ ಒಳಗೆ ಹೋದರೆ ಒಳ್ಳೆಯದು. ಕೆಲವು ಕಡೆ ಬಿದಿರ ಬುಟ್ಟಿಗಳನ್ನು ತಳ್ಳುಗಾಡಿಯಲ್ಲಿ ತರುತ್ತಾರೆ, ಕೆಲವು ಕಡೆ ಚೀಟಿಯಲ್ಲಿ ಗುರುತು ಹಾಕಿ ಕೊಡಬೇಕು. ತಳ್ಳುಗಾಡಿ ಇರುವ ಕಡೆ ಮೇಜಿನ ಮೇಲೆ ಒಂದು ಕಾರ್ಡು ಇಡುತ್ತಾರೆ, ತೆಗೆದುಕೊಂಡ ಪ್ರತಿ ತಟ್ಟೆಗೂ ಸಣ್ಣದು, ಮಧ್ಯಮ, ದೊಡ್ಡದು ಎಂದು ಅದರಲ್ಲಿ ಮುದ್ರೆ ಒತ್ತುತ್ತಾರೆ. ಅದೇ ಬಿಲ್ಲು.

ಸಸ್ಯಾಹಾರಿಗಳಿಗೆ ನಿಜ ಹೇಳುತ್ತೇನೆ, ಇಲ್ಲಿ ಆಯ್ಕೆ ಕಡಿಮೆ. ತೆಳ್ಳಗಿನ ಬಿಳಿ ಹೊದಿಕೆಯ ಹಾರ್ ಗಾವ್‌ನಲ್ಲಿ ಸಿಗಡಿ, ಸಿಯು ಮಾಯ್‌ನಲ್ಲಿ ಹಂದಿ. ಮೂಲಂಗಿ ಕೇಕು ಹೆಸರಿಗೆ ಮೂಲಂಗಿ, ಒಳಗೆ ಒಣ ಸಿಗಡಿ, ಸಾಸೇಜ್ ಇರುತ್ತವೆ. ಕೆಸುವಿನ ಗೆಡ್ಡೆಯ ಬೋಂಡದಂಥದ್ದರ ಒಳಗೂ ಹಂದಿಮಾಂಸ. ಮೊಟ್ಟೆ ಟಾರ್ಟಿನ ಹೊರಪದರದಲ್ಲಿ ಹಂದಿ ಕೊಬ್ಬು ಇರಬಹುದು. ಮಾವಿನ ಪುಡಿಂಗಿನಲ್ಲಿ ಜೆಲಟಿನ್, ಅದು ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದದ್ದು. ಉಳಿಯುವುದು ಗಾಯ್ ಲಾನ್ ಸೊಪ್ಪು, ಸಾಸ್ ಹಾಕದೆ. ತರಕಾರಿ ಡಂಪ್ಲಿಂಗ್, ಕೇಳಿ ತಿಳಿದುಕೊಂಡು. ಎಳ್ಳು ಮೆತ್ತಿದ ಅಕ್ಕಿ ಹಿಟ್ಟಿನ ಉಂಡೆ, ಒಳಗೆ ಕೆಂಪು ಕಾಳಿನ ಹೂರಣ. ನಮ್ಮ ಸುಕ್ಕಿನುಂಡೆಯ ದೂರದ ನೆಂಟ, ಕರಿದ ಎಣ್ಣೆ ಯಾವುದು ಎಂದು ಮಾತ್ರ ಕೇಳಿ. ಆಮೇಲೆ ಬೆಣ್ಣೆಯಂಥ ಬಿಸಿ ತೋಫು, ಮೇಲೆ ಶುಂಠಿ ಬೆಲ್ಲದ ಪಾಕ. ಅದೊಂದಕ್ಕಾಗಿ ಹೋದರೂ ನಷ್ಟವಿಲ್ಲ. ಆದರೆ ಶುದ್ಧ ಸಸ್ಯಾಹಾರಿ ಹಿರಿಯರ ಮೊದಲ ಭೇಟಿಗೆ ಡಿಮ್ ಸಮ್ ಬೇಡ. ಸಂಜೆ ಊಟಕ್ಕೆ ಕರೆದುಕೊಂಡು ಹೋಗಿ.

ಚಹಾ ಹಾಕಿದಾಗ ಅವರು ಬೆರಳಿಂದ ಮೇಜು ಕುಟ್ಟುತ್ತಾರಲ್ಲ, ಯಾಕೆ?

ಥ್ಯಾಂಕ್ಸ್ ಹೇಳುವ ರೀತಿ. ಕ್ಯಾಂಟನೀಸರಲ್ಲಿ ಹೆಚ್ಚು. ಚೀನಾದ ಚಿಯನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುವಾಗ ತನ್ನ ಸೇವಕರಿಗೆ ತಾನೇ ಚಹಾ ಹಾಕಿದನಂತೆ. ಎದ್ದು ಅಡ್ಡ ಬಿದ್ದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಬೆರಳುಗಳನ್ನು ಬಗ್ಗಿಸಿ ಮೇಜಿನ ಮೇಲೇ ನಮಸ್ಕಾರ ಮಾಡಿದರು ಎಂದು ಕಥೆ. ನಿಮಗೆ ಯಾರಾದರೂ ಹಾಕಿದರೆ ನೀವೂ ಎರಡು ಬೆರಳು ಮೆಲ್ಲಗೆ ತಟ್ಟಿ, ತುಂಬಾ ಸಂತೋಷಪಡುತ್ತಾರೆ. ಚಹಾ ಮೊದಲು ಹಿರಿಯರಿಗೆ, ಕೊನೆಗೆ ನಿಮಗೆ. ಪಾತ್ರೆ ಖಾಲಿಯಾದರೆ ಮುಚ್ಚಳ ಓರೆ ಮಾಡಿಡಿ, ಕೂಗದೆಯೇ ನೀರು ತುಂಬಿಸುತ್ತಾರೆ. ಹಾಲು, ಸಕ್ಕರೆ ಇರುವುದಿಲ್ಲ. ಅಪ್ಪನಿಗೆ ಕಹಿ ಅನ್ನಿಸಿದರೆ ಸೇವಂತಿಗೆ ಹೂವಿನ ಚಹಾ ಕೇಳಿ.

ಚಾಪ್‌ಸ್ಟಿಕ್ ಹಿಡಿಯಲು ಬರದಿದ್ದರೆ?

ಫೋರ್ಕ್ ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದೇ ಒಂದು ನೆನಪಿಡಿ: ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರಿಗೆ ಊದುಬತ್ತಿ ಹಚ್ಚಿ ನಿಲ್ಲಿಸಿದ ಹಾಗೆ ಅದು. ಪಿಂಡದ ನೆನಪು ತರುವ ಕೆಲಸ ನಮ್ಮ ಊಟದಲ್ಲಿ ಯಾರಾದರೂ ಮಾಡಿದರೆ ನಮಗೆ ಹೇಗಾದೀತು, ಹಾಗೇ.

ಅಜಿನೊಮೊಟೊ ಹಾಕ್ತಾರಲ್ಲ, ಅದು ಕೆಟ್ಟದ್ದಲ್ವಾ?

ನಮ್ಮೂರಲ್ಲಿ ‘ಟೇಸ್ಟಿಂಗ್ ಪೌಡರ್’ ಎನ್ನುವುದೂ ಇದನ್ನೇ. 1908ರಲ್ಲಿ ಜಪಾನಿನ ಕಿಕುನಾಎ ಇಕೆಡಾ ಸಮುದ್ರದ ಪಾಚಿಯ ಸಾರಿನಿಂದ ಈ ರುಚಿಯನ್ನು ಬೇರ್ಪಡಿಸಿದರು. ಆ ರುಚಿ ಕೊಡುವ ಗ್ಲುಟಮೇಟ್ ಟೊಮೆಟೊ, ಅಣಬೆ, ಚೀಸ್‌ನಲ್ಲೂ ಇದೆ. ಹೆದರಿಕೆ ಶುರುವಾದದ್ದು 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪತ್ರದಿಂದ. ಚೈನೀಸ್ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಮರಗಟ್ಟಿದ ಹಾಗಾಗುತ್ತದೆ ಎಂದು ಒಬ್ಬ ಡಾಕ್ಟರು ಬರೆದಿದ್ದರು, ಉಪ್ಪು, ಮದ್ಯ, ಅಜಿನೊಮೊಟೊ, ಯಾವುದು ಕಾರಣವೋ ಎಂದು ಕೇಳಿದ್ದರು ಅಷ್ಟೇ. ಅದಕ್ಕೆ ‘ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್’ ಎಂದು ಹೆಸರು ಬಿತ್ತು. ಯಾರಿಗೆ ಏನು ಕೊಟ್ಟಿದ್ದೇವೆ ಎಂದು ತಿಳಿಸದೆ ಮಾಡಿದ ಪರೀಕ್ಷೆಗಳಲ್ಲಿ ಅದು ಸರಿಯಾಗಿ ಸಾಬೀತಾಗಲಿಲ್ಲ. ಅಮೆರಿಕದ ಆಹಾರ ಇಲಾಖೆ ಅದನ್ನು ಉಪ್ಪು, ಅಡುಗೆ ಸೋಡಾದ ಹಾಗೆ ಸುರಕ್ಷಿತ ಎಂದೇ ಪಟ್ಟಿ ಮಾಡಿದೆ. ನಿಮಗೆ ಆಗಿಬರದಿದ್ದರೆ ಬೇಡ ಎಂದು ಹೇಳಿ. ಆದರೆ ಒಂದು ಸಮುದಾಯದ ಊಟದ ಮೇಲೆ ಅಷ್ಟು ವರ್ಷ ಆ ಕಳಂಕ ಹೊರಿಸಿದ್ದು ಅನ್ಯಾಯ. ಬಿಪಿ ಇರುವವರು ನಿಜಕ್ಕೂ ನೋಡಬೇಕಾದದ್ದು ಸೋಯಾ ಸಾಸಿನ ಉಪ್ಪನ್ನು.

ಸಿಚುವಾನ್ ಊಟ ತಿಂದರೆ ನಾಲಿಗೆ ಜುಮ್ ಅನ್ನುತ್ತಲ್ಲ, ಏನದು?

ಹುವಾ ಜಿಯಾವ್ ಎಂಬ ಸಣ್ಣ ಕಾಯಿಯ ಸಿಪ್ಪೆ. ಕರಾವಳಿ, ಮಲೆನಾಡಿನವರಿಗೆ ಇದು ಹೊಸದಲ್ಲ. ನಮ್ಮ ಜುಮ್ಮನಕಾಯಿ, ಕೊಂಕಣಿ ಮನೆಗಳ ತೆಪ್ಪಲ, ಇದೇ ಕುಲದ ಗಿಡ. ಸಿಚುವಾನಿನವರು ತಮ್ಮ ರುಚಿಗೆ ‘ಮಾ ಲಾ’ ಎನ್ನುತ್ತಾರೆ. ‘ಲಾ’ ಎಂದರೆ ಖಾರ. ‘ಮಾ’ ಎಂದರೆ ಜುಮ್ಮು. ಕನ್ನಡದಲ್ಲಿ ಅದಕ್ಕೆ ಹೇಳಿ ಮಾಡಿಸಿದ ಮಾತಿದೆ ನೋಡಿ. ಮಕ್ಕಳಿಗೆ, ಹಿರಿಯರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅಲರ್ಜಿ ಆಯಿತೇನೋ ಎಂದು ಹೆದರುತ್ತಾರೆ. ನಿಜವಾದ ಕಡಲೆಕಾಯಿ, ಸಿಗಡಿ, ಎಳ್ಳಿನ ಅಲರ್ಜಿ ಇದ್ದರೆ ಅದನ್ನು ಬರೆದು ತೋರಿಸಿ.

ಚೀನೀ ಸ್ನೇಹಿತರೇ ಊಟಕ್ಕೆ ಕರೆದರೆ?

ಕರೆದವರೇ ಎಲ್ಲರಿಗೂ ಊಟ ಹೇಳುತ್ತಾರೆ. ನೀವು ಏನು ತಿನ್ನುವುದಿಲ್ಲ ಎಂದು ಹಿಂದಿನ ದಿನವೇ ತಿಳಿಸಿ. ಮೇಜಿಗೆ ಬಂದ ಮೇಲೆ ಹೇಳಿದರೆ ಅವರಿಗೆ ತುಂಬಾ ಸಂಕಟ. ಇಡೀ ಮೀನು ಬಂದರೆ ಅದರ ತಲೆ ಮುಖ್ಯ ಅತಿಥಿಯ ಕಡೆ ಇರುತ್ತದೆ, ಅದು ಗೌರವ. ಹುಟ್ಟುಹಬ್ಬದ ನೂಡಲ್ಸನ್ನು ತುಂಡು ಮಾಡಬೇಡಿ, ಉದ್ದ ಎಳೆ ಎಂದರೆ ಉದ್ದ ಆಯಸ್ಸು. ಅವರು ತಮ್ಮ ಕೈಯಾರೆ ನಿಮ್ಮ ತಟ್ಟೆಗೆ ಬಡಿಸಿದರೆ ಅದು ನಮ್ಮ ಅಜ್ಜಿಯರ ‘ಇನ್ನೊಂಚೂರು ಹಾಕ್ಕೋ’ ಅನ್ನುವ ಪ್ರೀತಿಯೇ.

ಬಿಲ್ಲಿನ ಜಗಳಕ್ಕೆ ಸಿದ್ಧರಾಗಿರಿ. ‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಎಂದು ನಾವು ಮಾಡುವುದನ್ನೇ ಅವರೂ ಮಾಡುತ್ತಾರೆ, ಇನ್ನೂ ಜೋರಾಗಿ. ಅವರು ಕರೆದಿದ್ದರೆ ಎರಡು ಸಲ ಒತ್ತಾಯ ಮಾಡಿ ಬಿಟ್ಟುಬಿಡಿ. ಮುಂದಿನ ಸಲ ನೀವು ಕರೆಯಿರಿ.

ಬಡಿಸುವವರು ಗಡಿಬಿಡಿ ಮಾಡುತ್ತಾರೆ, ನಗುವುದೂ ಇಲ್ಲ. ನಮ್ಮ ಮೇಲೆ ಕೋಪವಾ?

ಇಲ್ಲ. ಮೇಜು ತುಂಬಿರುತ್ತದೆ, ಕೈ ಕಡಿಮೆ ಇರುತ್ತದೆ. ನಮ್ಮ ದರ್ಶಿನಿಯಲ್ಲಿ ಯಾರು ನಗುತ್ತಾ ದೋಸೆ ಕೊಡುತ್ತಾರೆ? ಬಿಸಿಯಾಗಿ, ಬೇಗ ತರುವುದೇ ಅವರ ಮರ್ಯಾದೆ. ಎರಡನೇ ಸಲ ಹೋಗಿ, ಗುರುತು ಹಿಡಿಯುತ್ತಾರೆ. ಮೂರನೇ ಸಲಕ್ಕೆ ಮಗುವಿಗೆ ಕುರ್ಚಿ ತಾವೇ ತರುತ್ತಾರೆ. ಸ್ವಚ್ಛತೆ ಬಗ್ಗೆ ಅನುಮಾನ ಇದ್ದರೆ ಬಾಗಿಲ ಹತ್ತಿರ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಫಲಕ ನೋಡಿ: ಹಸಿರು ಇದ್ದರೆ ತಪಾಸಣೆಯಲ್ಲಿ ಪಾಸು, ಹಳದಿ ಇದ್ದರೆ ದೋಷ ಸಿಕ್ಕಿದೆ, ಕೆಂಪು ಎಂದರೆ ಮುಚ್ಚಿಸಿದ್ದಾರೆ.

ಬಿಲ್ಲು, ಟಿಪ್ಸ್, ಪಾರ್ಸಲ್?

ಬಿಲ್ಲಿಗೆ ‘ಮಾಯ್ ದಾನ್’ ಎನ್ನಿ. ದೊಡ್ಡ ಗುಂಪಾದರೆ ಟಿಪ್ಸನ್ನು ಬಿಲ್ಲಿಗೇ ಸೇರಿಸುವ ಹೋಟೆಲುಗಳಿವೆ, ನೋಡಿಕೊಂಡು ಕೊಡಿ. ಸೇರಿಸದಿದ್ದರೆ ನೂರಕ್ಕೆ 15ರಿಂದ 20. ಕ್ಯಾಶ್ ಮಾತ್ರ ಎನ್ನುವ ಕಡೆಗಳು ಇನ್ನೂ ಇವೆ, ಕೈಯಲ್ಲಿ ಇಟ್ಟುಕೊಳ್ಳಿ. ಉಳಿದದ್ದನ್ನು ಕಟ್ಟಿಸಿಕೊಳ್ಳಲು ನಾಚಿಕೆ ಬೇಡ, ಅವರೂ ಹಾಗೇ ಮಾಡುತ್ತಾರೆ. ‘ದಾ ಬಾವ್’ ಎಂದರೆ ಡಬ್ಬಿ ತಂದು ಕೊಡುತ್ತಾರೆ. ಸಸ್ಯಾಹಾರದ ಡಬ್ಬಿಯ ಮೇಲೆ ಪೆನ್ನಿನಿಂದ ಗುರುತು ಹಾಕಿ.

ಕೊನೆಗೆ ಕ್ಯಾಂಟನೀಸ್ ಹೋಟೆಲಿನಲ್ಲಿ ಕೆಂಪು ಕಾಳಿನ ಬಿಸಿ ಪಾಯಸ ಪುಕ್ಕಟೆ ಬರುವುದುಂಟು, ಅದನ್ನು ಬಿಟ್ಟು ಏಳಬೇಡಿ. ಭವಿಷ್ಯದ ಚೀಟಿ ಇರುವ ಫಾರ್ಚೂನ್ ಕುಕ್ಕಿ ಬಂದರೆ ಮಕ್ಕಳಿಗೆ ಕೊಡಿ. ಅದರ ಮೂಲ ಜಪಾನ್, ಚೀನಾ ಅಲ್ಲ.

ಅಮ್ಮ ಬರುವುದೇ ಇಲ್ಲ ಅನ್ನುತ್ತಾರೆ. ಏನು ಮಾಡಲಿ?

ಒತ್ತಾಯ ಬೇಡ. ಮಾಂಸ ಬೇಯುವ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದು ಅವರ ಬದುಕಿನ ರೀತಿ. ಬೌದ್ಧ ಹೋಟೆಲಿಗೆ ಕರೆದು ನೋಡಿ. ಅದಕ್ಕೂ ಬೇಡ ಎಂದರೆ ಮನೆಯಲ್ಲೇ ಇರಲಿ, ನೀವು ಬೇಗ ವಾಪಸ್ ಬನ್ನಿ.

ಆ ಸೂಪಿನ ದಿನದ ಮೇಲೆ ನಮ್ಮ ಅಮ್ಮನೂ ಎರಡು ವರ್ಷ ಬರಲಿಲ್ಲ. ಆಮೇಲೆ ಎದುರುಮನೆಯ ತೈವಾನಿನ ಅಜ್ಜಿ ಒಂದು ದಿನ ಕರೆದರು. ಅವರೂ ‘ಸೂ’ ತಿನ್ನುವವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಹೋಟೆಲೂ ಅವರದೇ ಆಯ್ಕೆ, ಬೌದ್ಧರದ್ದು. ತಿಳಿ ಸಾರಿನಲ್ಲಿ ಬೆಂದು ಗಾಜಿನಂತಾದ ಹೋಳುಗಳು ಬಂದವು, ಮೇಲೆ ಸಣ್ಣಗೆ ಸೀಳಿದ ಶುಂಠಿ. ಅಮ್ಮ ಒಂದು ಹೋಳನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ‘ಇದು ನಮ್ಮ ಬೂದುಗುಂಬಳ ಅಲ್ವಾ?’ ಎಂದರು. ನಾನು ಹೌದು ಎನ್ನುವ ಮೊದಲೇ ಎರಡೂ ಕೈ ಅಗಲಿಸಿ ಕಾಯಿಯ ಅಳತೆ ತೋರಿಸಿದರು, ಬೆರಳಿಂದ ಬೂದಿ ಒರೆಸಿದ ಹಾಗೆ ಮಾಡಿದರು. ಅಜ್ಜಿ ನಕ್ಕು ತಮ್ಮ ಬೆರಳನ್ನೂ ಹಾಗೇ ಉಜ್ಜಿ ತೋರಿಸಿದರು. ಅಮ್ಮ ಎರಡು ಬಟ್ಟಲು ಕುಡಿದರು.

ಮರುವಾರ ಅಜ್ಜಿ ಅರ್ಧ ಬೂದುಗುಂಬಳ ತಂದು ಬಾಗಿಲಲ್ಲಿ ಕೊಟ್ಟರು. ಅಮ್ಮ ಮಜ್ಜಿಗೆಹುಳಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕಳಿಸಿದರು. ಡಬ್ಬಿ ವಾಪಸ್ ಬಂದಾಗ ತೊಳೆದು ಒರೆಸಿತ್ತು, ಒಳಗೆ ಆರು ಕಿತ್ತಳೆ ಹಣ್ಣು ಇದ್ದವು.